ಒಂದು ಅಂಕದ ಸಂಭಾಷಣೆ

ಸಂಭಾಷಣೆಯೆಂದರೆ ಕನಿಷ್ಠ ಇಬ್ಬರು ಸೇರಿ, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಬಾಯಿ ಹಾಕುತ್ತ ನಡೆಸುವ ವ್ಯವಹಾರ ಎಂಬುದು ಉಡುಪಿ ಜಿಲ್ಲೆಯ ಯಾವ ಬಸ್‌ ನಿಲ್ದಾಣದಲ್ಲಿ ಐದು ನಿಮಿಷ ನಿಂತರೂ ತಿಳಿಯುತ್ತದೆಯಾದರೂ, ಎಸ್‌ಎಸ್‌ಎಲ್‌ಸಿ ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಮಟ್ಟಿಗೆ ಈ ಲಕ್ಷಣ ಸಲ್ಲುವುದಿಲ್ಲ. ಅಲ್ಲಿ ಇಬ್ಬರ ಮಾತನ್ನೂ ಪ್ರಶ್ನೆ ತೆಗೆದವರೇ ಬರೆದು ಮುಗಿಸಿರುತ್ತಾರೆ. ಅದರಲ್ಲೊಂದು ವಾಕ್ಯಕ್ಕೆ ಅಡಿಗೆರೆ ಎಳೆದು, ಅದು ಅನುಮತಿ ಕೇಳುವ ಮಾತೋ, ಸಲಹೆ ಕೊಡುವ ಮಾತೋ, ನೆರವಿಗೆ ಮುಂದಾಗುವ ಮಾತೋ, ಬರೀ ವಿನಂತಿಯೋ ಎಂದು ಕೇಳಿರುತ್ತಾರೆ. ವಿದ್ಯಾರ್ಥಿಯು ತುಟಿ ಪಿಟಕ್ಕೆನ್ನದೆ ನಾಲ್ಕರಲ್ಲಿ ಒಂದನ್ನು ಆರಿಸಿ ಬರೆದರೆ ಒಂದು ಅಂಕ ಸಿಗುತ್ತದೆ. ವಾಕ್ಯವೊಂದು ಕೇಳುವವನ ಮೇಲೆ ನಡೆಸುವ ಇಂಥ ಕೆಲಸಕ್ಕೆ ಭಾಷಾಶಿಕ್ಷಣದ ವಿದ್ವಾಂಸರು 'ಲ್ಯಾಂಗ್ವೇಜ್ ಫಂಕ್ಷನ್', ಅಂದರೆ ಭಾಷಾಕಾರ್ಯ, ಎಂದು ಹೆಸರಿಟ್ಟಿದ್ದಾರೆ. ಪೂರ್ತಿ ಮೌನವಾಗಿದ್ದು ಪೂರ್ತಿ ಅಂಕ ಗಳಿಸಬಹುದಾದ ಸಂಭಾಷಣೆಯನ್ನು ರೂಪಿಸಿದ ಕೀರ್ತಿ ಪರೀಕ್ಷಾಶಾಸ್ತ್ರಕ್ಕೆ ಸಲ್ಲತಕ್ಕದ್ದು.

ಈ ಪರೀಕ್ಷೆಗೆ ಸಜ್ಜಾಗುವ ಮಗುವಿನ ಭಾಷಾಸಂಪತ್ತನ್ನು ಮೊದಲು ಲೆಕ್ಕ ಹಾಕಬೇಕು. ಕಾಪುವಿನ ಕಡಲ ದಂಡೆಯ ಮನೆಯಲ್ಲಿ ತುಳು, ಕಾರ್ಕಳದ ಪೇಟೆಯಲ್ಲಿ ತುಳುವಿನ ಜೊತೆಗೆ ಕೊಂಕಣಿ, ಪಕ್ಕದ ಬೀದಿಯಲ್ಲಿ ಬ್ಯಾರಿ, ಹೀಗೆ ಒಂದೆರಡು ಭಾಷೆಗಳು ಹಲ್ಲು ಬರುವ ಮೊದಲೇ ಬಂದಿರುತ್ತವೆ. ಶಾಲೆಯ ಗೇಟು ದಾಟಿದರೆ ಪುಸ್ತಕದ ಕನ್ನಡ, ಟಿ.ವಿ. ಹಾಕಿದರೆ ಹಿಂದಿ, ಇವೆಲ್ಲ ಆದ ಮೇಲೆ ನಾಲ್ಕನೆಯದಾಗಿಯೋ ಐದನೆಯದಾಗಿಯೋ ಇಂಗ್ಲಿಷ್ ಸರದಿಯಲ್ಲಿ ನಿಂತಿರುತ್ತದೆ. ಶಿಕ್ಷಣ ಇಲಾಖೆಯ ಎಣಿಕೆ ಬೇರೆ. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಕನ್ನಡವು 125 ಅಂಕಗಳ ಪ್ರಥಮ ಭಾಷೆ, ಇಂಗ್ಲಿಷ್ 100 ಅಂಕಗಳ ದ್ವಿತೀಯ ಭಾಷೆ. ಮನೆಯಲ್ಲಿ ಉಣ್ಣುವುದಕ್ಕೂ ಜಗಳವಾಡುವುದಕ್ಕೂ ಬಳಕೆಯಾಗುವ ತುಳುವಿಗೆ ತೃತೀಯ ಭಾಷೆಯ ಸ್ಥಾನ, ಅದೂ ಕೆಲವೇ ಶಾಲೆಗಳಲ್ಲಿ. ಹಿಂದೆ ಸರಕಾರಿ ಶಾಲೆಗಳಲ್ಲಿ ಐದನೆಯ ತರಗತಿಯ ಬಾಗಿಲಲ್ಲಿ ಕಾಯುತ್ತಿದ್ದ ಇಂಗ್ಲಿಷ್, 2007ರಿಂದ ಒಂದನೆಯ ತರಗತಿಗೇ ಬಂದು ಕೂತಿದೆ. ಹತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತರೂ ಮಗುವಿಗೂ ಇಂಗ್ಲಿಷಿಗೂ ಪರಸ್ಪರ ಮಾತಿಲ್ಲ ಎಂಬುದೇ ಇಲ್ಲಿನ ವಿಶೇಷ.

ಮಾತು ಹೊರಡದಿರಲು ಮೊದಲ ಕಾರಣ ಗ್ರಾಮರ್ ಎನಿಸಿಕೊಳ್ಳುವ ವ್ಯಾಕರಣ. ತಲೆಮಾರುಗಳ ಕಾಲ ಹೈಸ್ಕೂಲುಗಳನ್ನು ಆಳಿದ 'ರೆನ್ ಅಂಡ್ ಮಾರ್ಟಿನ್' ವ್ಯಾಕರಣದ ಜೋಡಿ ಕರ್ತೃಗಳಲ್ಲಿ ಒಬ್ಬರಾದ ಪಿ.ಸಿ. ರೆನ್ ಅವರು, ಮರುಭೂಮಿಯ ಸೈನಿಕರ ಸಾಹಸಗಳನ್ನು ಹೇಳುವ 'ಬೋ ಜೆಸ್ಟ್' ಎಂಬ ಕಾದಂಬರಿಯನ್ನು 1924ರಲ್ಲಿ ಪ್ರಕಟಿಸಿ ಲೋಕದ ಓದುಗರನ್ನು ರಂಜಿಸಿದವರು. ಈ ದೇಶದ ಮಕ್ಕಳಿಗೆ ಮಾತ್ರ ಅವರು ಹೆದರಿಸಿದ ಬಗೆಯಷ್ಟೇ ಗೊತ್ತು. ಆಡಿದ ಮಾತನ್ನು ಇನ್ನೊಬ್ಬರ ಬಾಯಿಂದ ವರದಿ ಮಾಡುವ ಪರೋಕ್ಷ ಕಥನವನ್ನೇ ನೋಡಬಹುದು. ಕರಾವಳಿಯ ಅಜ್ಜಿಯೊಬ್ಬರು ಮದುವೆಮನೆಯಲ್ಲಿ ನಡೆದ ಮಾತುಕತೆಯನ್ನೆಲ್ಲ ಕೊನೆಗೊಂದು 'ಅಂತೆ' ಸೇರಿಸಿ, ಹೊಣೆಯನ್ನೂ ಕಳಚಿಕೊಂಡು, ಮೂರು ಮನೆ ದಾಟಿಸಬಲ್ಲರು. ಇಂಗ್ಲಿಷಿನಲ್ಲಿ ಅದೇ ಕೆಲಸಕ್ಕೆ ಸರ್ವನಾಮ ಬದಲಾಗಬೇಕು, ಕಾಲ ಒಂದು ಮೆಟ್ಟಿಲು ಹಿಂದೆ ಸರಿಯಬೇಕು, ನಾಳೆ ಎಂಬುದು ಮರುದಿನವಾಗಬೇಕು. ಇಷ್ಟೆಲ್ಲ ಸರಿಪಡಿಸುವಷ್ಟರಲ್ಲಿ ಸುದ್ದಿಯೇ ಹಳತಾಗಿರುತ್ತದೆ.

ಕರ್ಮಣಿ ಪ್ರಯೋಗದ, ಅಂದರೆ ಕರ್ತೃವನ್ನು ಹಿಂದಕ್ಕೆ ತಳ್ಳಿ ಕರ್ಮವನ್ನು ಮುಂದೆ ನಿಲ್ಲಿಸುವ ವಾಕ್ಯರಚನೆಯ, ಅಭ್ಯಾಸದಲ್ಲಿ ಇನ್ನೊಂದು ತೊಡಕಿದೆ. ಇದಕ್ಕೆ ಗೈಡುಗಳಲ್ಲಿ ಸಿಗುವ ಹಳೆಯ ಉದಾಹರಣೆಗಳಲ್ಲಿ ಯಾರಾದರೊಬ್ಬರು ಹಾವನ್ನು ಕೊಂದಿರುತ್ತಾರೆ. ಕುಟುಂಬಕ್ಕೊಂದು ನಾಗಬನವಿರುವ ಸೀಮೆಯಲ್ಲಿ, ಸತ್ತ ಹಾವು ಕಣ್ಣಿಗೆ ಬಿದ್ದರೂ ಜೋಯಿಸರನ್ನು ಕೇಳಿ ಬರುವ ಮನೆತನದ ಮಗು, ಸರ್ಪದೋಷ ಕಳೆಯಲು ಮಾಡಿಸುವ ಆಶ್ಲೇಷಾ ಬಲಿಯ ಖರ್ಚನ್ನು ನೆನೆಯದೆ ಇಂಥ ವಾಕ್ಯವನ್ನು ಬರೆಯಲಾರದು. ಆದರೆ ಕರ್ಮಣಿಗೆ ತಿರುಗಿಸಿದಾಗ ಹಾವು ಕೊಲ್ಲಲ್ಪಟ್ಟಿತು ಎಂದಷ್ಟೇ ಬರೆದು, ಕೊಂದವರ ಹೆಸರನ್ನು ಬಿಟ್ಟುಬಿಡಲು ಅವಕಾಶವಿದೆ ಎಂದು ತಿಳಿದ ಗಳಿಗೆಯಲ್ಲಿ, ಸರಕಾರಿ ಕಚೇರಿಗಳು ಈ ಪ್ರಯೋಗವನ್ನು ಯಾಕೆ ಇಷ್ಟು ಪ್ರೀತಿಸುತ್ತವೆ ಎಂಬುದೂ ಮಗುವಿಗೆ ಹೊಳೆಯುತ್ತದೆ. ವ್ಯಾಕರಣದಿಂದ ದೊರೆಯುವ ಲೋಕಜ್ಞಾನವನ್ನು ಹಾಗಾಗಿ ಅಲ್ಲಗಳೆಯುವಂತಿಲ್ಲ.

ಪ್ರಶ್ನೆಪತ್ರಿಕೆಯ ಗದ್ಯಭಾಗದ ಗ್ರಹಿಕೆ, ಮಕ್ಕಳ ಮಾತಿನಲ್ಲಿ ಪ್ಯಾಸೇಜ್, ಇವೆಲ್ಲಕ್ಕಿಂತ ಸೂಕ್ಷ್ಮವಾದ ವಿದ್ಯೆ. ಅದರ ರಹಸ್ಯವನ್ನು ತಿಳಿಯಲು ಇಂಗ್ಲಿಷಿನ ಅಗತ್ಯವೂ ಇಲ್ಲ. 'ಗಿಂಬರನು ಸಂಜೆಯ ಹೊತ್ತು ಡೊಂಬುಗದಲ್ಲಿ ಮೂರು ಚಿಟಕಗಳನ್ನು ಲುಂಪಿಸಿದನು' ಎಂಬ ವಾಕ್ಯವನ್ನು ಕೊಟ್ಟು, ಲುಂಪಿಸಿದವರು ಯಾರು, ಎಲ್ಲಿ ಲುಂಪಿಸಿದರು, ಎಷ್ಟನ್ನು ಲುಂಪಿಸಿದರು ಎಂದು ಕೇಳಿದರೆ, ಗಿಂಬರನು, ಡೊಂಬುಗದಲ್ಲಿ, ಮೂರು ಚಿಟಕಗಳನ್ನು ಎಂದು ಯಾವ ಕನ್ನಡಿಗನೂ ಕಣ್ಣು ಮುಚ್ಚಿ ಬರೆದು ಪೂರ್ಣಾಂಕ ಪಡೆಯಬಹುದು. ಲುಂಪಿಸುವುದೆಂದರೆ ಏನೆಂದು ಬರೆದವನಿಗೂ ಗೊತ್ತಿಲ್ಲ, ತಿದ್ದುವವನಿಗೂ ಗೊತ್ತಿಲ್ಲ. ಪ್ರಶ್ನೆಯಲ್ಲಿರುವ ಪದವನ್ನು ಗದ್ಯದಲ್ಲಿ ಹುಡುಕು, ಸಿಕ್ಕ ಸಾಲನ್ನು ಇಳಿಸು ಎಂಬ ಈ ಸೂತ್ರ ಟ್ಯೂಶನ್ನುಗಳಲ್ಲಿ ಬಾಯಿಂದ ಬಾಯಿಗೆ ಹರಿದು ಬಂದಿದೆ. ಗಿಂಬರನು ಯಾಕೆ ಲುಂಪಿಸಿದನು ಎಂದು ಕೇಳಿದಾಗಷ್ಟೇ ಸೂತ್ರ ಕೈಕೊಡುತ್ತದೆ. ಆರ್.ಕೆ. ನಾರಾಯಣರ 'ಎ ಹೀರೋ' ಎಂಬ ಕಥೆ ಹತ್ತನೆಯ ತರಗತಿಯ ಪಠ್ಯಕ್ಕೆ ಬಂದಾಗಲೂ ಆದದ್ದು ಇಷ್ಟೇ. ಕತ್ತಲಿಗೆ ಹೆದರಿ ಬೆಂಚಿನಡಿ ಸೇರಿದ ಸ್ವಾಮಿ, ದೆವ್ವವೆಂದು ಬಗೆದು ಕಳ್ಳನ ಕಾಲನ್ನು ಕಚ್ಚಿ ಹಿಡಿದು ಊರಿಗೆಲ್ಲ ವೀರನಾಗುವ ಪ್ರಸಂಗಕ್ಕೆ ನಗದೆ ಇರುವುದು ಕಷ್ಟ. ಆದರೆ ನಾಲ್ಕು ಅಂಕದ ಉತ್ತರವಾಗಿ ಅದನ್ನು ಉರು ಹೊಡೆದ ಮಗು ನಗುವ ಧೈರ್ಯ ಮಾಡುವುದಿಲ್ಲ, ನಕ್ಕರೆ ಎರಡನೆಯ ಪಾಯಿಂಟು ಮರೆತುಹೋಗುತ್ತದೆ.

ಪ್ರಬಂಧ ಮತ್ತು ಪತ್ರಗಳ ಕಥೆ ಇನ್ನೂ ರಮ್ಯವಾದದ್ದು. ಕಾರ್ಕಳದ ಶಾಲೆಯ ಹಿಂದೆಯೇ ಗುಡ್ಡದ ಮೇಲೆ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ, ಸುಮಾರು 42 ಅಡಿ ಎತ್ತರದ ಗೊಮ್ಮಟನಿದ್ದಾನೆ. ಕಾಪುವಿನ ಬಂಡೆಯ ಮೇಲೆ 1901ರಿಂದ ದೀಪಸ್ತಂಭ ಉರಿಯುತ್ತಿದೆ. ಹಾಗಿದ್ದೂ ನೀನು ನೋಡಿದ ಸ್ಥಳದ ಬಗ್ಗೆ ಗೆಳೆಯನಿಗೆ ಪತ್ರ ಬರೆ ಎಂದ ಕೂಡಲೇ ಎರಡೂ ಊರಿನ ಮಕ್ಕಳು ಮೈಸೂರಿನ ಬಸ್ಸು ಹತ್ತುತ್ತಾರೆ, ಏಕೆಂದರೆ ಗೈಡಿನಲ್ಲಿ ಅರಮನೆಯ ಪತ್ರ ಸಿದ್ಧವಾಗಿದೆ, ಗೊಮ್ಮಟನ ಪತ್ರವನ್ನು ಸ್ವಂತವಾಗಿ ಕಟ್ಟಬೇಕಾಗುತ್ತದೆ. ಒಂದೇ ಕೊಠಡಿಯಲ್ಲಿ ಕೂತ ಅಷ್ಟೂ ಮಕ್ಕಳು ಒಂದೇ ದಿನ ಮೃಗಾಲಯ ನೋಡಿ, ಒಂದೇ ಬಗೆಯಲ್ಲಿ ಆನಂದಪಟ್ಟು, ಒಂದೇ ಒಕ್ಕಣೆಯಲ್ಲಿ ಮನೆಯವರಿಗೆಲ್ಲ ನಮಸ್ಕಾರ ತಿಳಿಸುವುದನ್ನು ಕಂಡು ಮೌಲ್ಯಮಾಪಕರು ಬೆರಗಾಗುವ ಕಾಲ ಎಂದೋ ಕಳೆಯಿತು.

ಈ ವಿಧಾನವನ್ನು ಹಗುರವಾಗಿ ಕಾಣುವವರಿಗೆ ಫಲಿತಾಂಶವೇ ಉತ್ತರ ಹೇಳುತ್ತದೆ. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆ ಶೇ. 94ರ ಫಲಿತಾಂಶದೊಂದಿಗೆ ರಾಜ್ಯಕ್ಕೆ ಮೊದಲನೆಯದಾಯಿತು. ಇದರ ಹಿಂದೆ ಸಂಜೆಯ ವಿಶೇಷ ತರಗತಿಗಳಿವೆ, ಪೂರ್ವಸಿದ್ಧತಾ ಪರೀಕ್ಷೆಗಳಿವೆ, ಯಾವ ಪಾಠದಿಂದ ಎಷ್ಟು ಅಂಕ ಎಂದು ಮುಂಚಿತವಾಗಿ ಹೇಳುವ ನೀಲನಕ್ಷೆಯಿದೆ, ಹಿಂದೆ ಬಿದ್ದವರನ್ನು ಹೇಗಾದರೂ ದಡ ಸೇರಿಸಲು ಶಿಕ್ಷಕರು ನಿದ್ದೆಗೆಟ್ಟು ತಯಾರಿಸುವ, ಪಾಸಿಂಗ್ ಪ್ಯಾಕೇಜ್ ಎಂದು ಹೆಸರಾದ, ಆಯ್ದ ಪ್ರಶ್ನೆಗಳ ಕಟ್ಟೂ ಇದೆ. ಇಷ್ಟು ದುಡಿಯುವವರನ್ನು ದೂರುವುದು ನ್ಯಾಯವಲ್ಲ. 80 ಅಂಕಗಳು ಬರವಣಿಗೆಗೆ ಮೀಸಲಾಗಿ, ಮಾತನಾಡಿಸುವ ಅವಕಾಶವೆಲ್ಲ ಆಂತರಿಕ ಮೌಲ್ಯಮಾಪನದ 20 ಅಂಕಗಳೊಳಗೆ ಚಟುವಟಿಕೆ ಎಂಬ ಹೆಸರಿನಲ್ಲಿ ಮುದುಡಿಕೊಂಡಿರುವಾಗ, ಬುದ್ಧಿಯಿರುವ ಯಾವ ಶಿಕ್ಷಕರಾದರೂ ಬರವಣಿಗೆಯ ಕಡೆಗೇ ವಾಲುತ್ತಾರೆ.

ಹಾಗಾದರೆ ಈ ಜಿಲ್ಲೆಯಲ್ಲಿ ಇಂಗ್ಲಿಷ್ ಮಾತನಾಡುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಮಣಿಪಾಲದ ಟೈಗರ್ ಸರ್ಕಲ್ಲಿನಲ್ಲಿ ಸಿಗುತ್ತದೆ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಕಟ್ಟಿದ ಬೋಳುಗುಡ್ಡಕ್ಕೆ ಇಂದು ದೇಶವಿದೇಶಗಳ ವಿದ್ಯಾರ್ಥಿಗಳು ಬರುತ್ತಾರೆ, ಅವರನ್ನು ಹೊತ್ತು ತಿರುಗುವವರು ಸ್ಥಳೀಯ ರಿಕ್ಷಾ ಚಾಲಕರು. ಹುಡುಗನೊಬ್ಬ ಚೀಲ ಹಿಡಿದು ಓಡಿ ಬಂದು ರೈಲ್ವೆ ಸ್ಟೇಷನ್ ಎನ್ನುತ್ತಾನೆ. ಚಾಲಕರು 'ವಿಚ್ ಟ್ರೈನ್? ಮತ್ಸ್ಯಗಂಧಾ? ನೋ ಟೈಮ್, ಕಮ್ ಫಾಸ್ಟ್, ಬ್ಯಾಗ್ ಇನ್‌ಸೈಡ್' ಎನ್ನುತ್ತಾರೆ. ರಿಕ್ಷಾ ಇಂದ್ರಾಳಿಯ ಕಡೆಗೆ ಇಳಿಯುತ್ತದೆ. ಶಾಸ್ತ್ರೀಯವಾಗಿ ವಿಶ್ಲೇಷಿಸಿದರೆ ಈ ಒಂದು ಉಸಿರಿನಲ್ಲಿ ವಿಚಾರಣೆ, ಮಾಹಿತಿ, ಎಚ್ಚರಿಕೆ, ಆಜ್ಞೆ ಎಂಬ ನಾಲ್ಕು ಭಾಷಾಕಾರ್ಯಗಳಿವೆ. ಕ್ರಿಯಾಪದವನ್ನು ಆದಷ್ಟು ದೂರ ಇಟ್ಟಿರುವುದರಿಂದ ಕಾಲದೋಷಕ್ಕೆ ಎಡೆಯಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಹುಡುಗನಿಗೆ ರೈಲು ಸಿಗುತ್ತದೆ. ಇದೇ ಸಂಭಾಷಣೆಯನ್ನು ಉತ್ತರಪತ್ರಿಕೆಯಲ್ಲಿ ಬರೆದರೆ ಕೆಂಪು ಶಾಯಿ ಹರಿಯುವುದು ಖಂಡಿತ. ಅತ್ತ, ಇಂಗ್ಲಿಷಿನಲ್ಲಿ ತೊಂಬತ್ತು ದಾಟಿದ ಅಂಕಪಟ್ಟಿಯನ್ನು ಹಿಡಿದು ಅದೇ ವೃತ್ತದಲ್ಲಿ ಇಳಿದ ಹಳ್ಳಿಯ ಹುಡುಗಿ, ಯಾರಾದರೂ ದಾರಿ ಕೇಳಿದರೆ ಮೊದಲು ಮನಸ್ಸಿನಲ್ಲಿ ವಾಕ್ಯವನ್ನು ತಿದ್ದಿ ತೀಡುತ್ತಾಳೆ, ವಾಕ್ಯ ಸಿದ್ಧವಾಗುವಷ್ಟರಲ್ಲಿ ಕೇಳಿದವರು ಬೇರೆ ಯಾರನ್ನೋ ಕೇಳಿ ಹೊರಟಿರುತ್ತಾರೆ.

ಪರಭಾಷೆಯನ್ನು ಕಲಿಯುವ ಸರಿಯಾದ ಕ್ರಮ ಯಾವುದು ಎಂಬುದಕ್ಕೆ ಕರಾವಳಿಯ ಚರಿತ್ರೆಯಲ್ಲೇ ಒಂದು ನಿದರ್ಶನವಿದೆ. ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲ್ ಅವರು ಜರ್ಮನಿಯಿಂದ ಭಾರತಕ್ಕೆ ಬಂದದ್ದು 1853ರಲ್ಲಿ. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಅವರ ಕನ್ನಡ ವ್ಯಾಕರಣ ಪ್ರಕಟವಾದದ್ದು 1903ರಲ್ಲಿ. ಅಂದರೆ ಅವರ ಬದುಕಿನಲ್ಲಿ ಜನರೊಡನೆ ಒಡನಾಟ ಮೊದಲು, ನಿಘಂಟು ನಲವತ್ತೊಂದು ವರ್ಷಗಳ ಮೇಲೆ, ವ್ಯಾಕರಣವು ಅರ್ಧ ಶತಮಾನ ಕಳೆದ ಮೇಲೆ. ಶಾಲೆಗಳು ಈ ಸರದಿಯನ್ನು ಬುಡಮೇಲು ಮಾಡಿ, ವ್ಯಾಕರಣವನ್ನು ಮೊದಲು ಮುಗಿಸಿ, ಒಡನಾಟವನ್ನು ಸಮಯ ಉಳಿದರೆ ನೋಡೋಣ ಎಂದು ಇಟ್ಟುಕೊಂಡಿವೆ. ಸಮಯ ಎಂದೂ ಉಳಿದದ್ದಿಲ್ಲ.

ವಿಚಿತ್ರವೆಂದರೆ, ಮಾತನ್ನು ಕಲಿಸುವ ಪದ್ಧತಿಗಾಗಿ ಈ ಜಿಲ್ಲೆ ಎಲ್ಲಿಗೂ ಹೋಗಬೇಕಾಗಿಲ್ಲ. ವೇಷ ಕಟ್ಟದೆ, ಕುಣಿಯದೆ, ಯಕ್ಷಗಾನದ ಭಾಗವತರ ಹಾಡಿಗೆ ಅರ್ಥಧಾರಿಗಳು ಕೂತಲ್ಲೇ ಆಶುವಾಗಿ ಮಾತು ಬೆಳೆಸುವ ತಾಳಮದ್ದಳೆ ಇಲ್ಲಿಯದೇ ಕಲೆ. ವಾಲಿವಧೆಯ ಪ್ರಸಂಗದಲ್ಲಿ ಎದೆಗೆ ಬಾಣ ನೆಟ್ಟು ನೆಲಕ್ಕೊರಗಿದ ಮೇಲೂ ವಾಲಿಯು ರಾಮನನ್ನು ಗಂಟೆಗಟ್ಟಲೆ ಪ್ರಶ್ನಿಸುತ್ತಾನೆ, ಆಕ್ಷೇಪಿಸುತ್ತಾನೆ, ಚುಚ್ಚುತ್ತಾನೆ, ಕೊನೆಗೆ ಕೈಮುಗಿಯುತ್ತಾನೆ. ಎದುರಿನವರು ಏನು ಹೇಳುತ್ತಾರೆಂದು ಅರ್ಥಧಾರಿಗೆ ಮೊದಲೇ ತಿಳಿದಿರುವುದಿಲ್ಲ, ಅದಕ್ಕಾಗಿ ಆತ ಕಿವಿಗೊಟ್ಟು ಕೇಳಲೇಬೇಕು. ಸಂಭಾಷಣೆಯ ಪ್ರಾಣವಿರುವುದು ಈ ಕೇಳುವಿಕೆಯಲ್ಲಿ. ಇಂಗ್ಲಿಷಿನಲ್ಲೇ ಯಕ್ಷಗಾನ ಆಡಿ ತೋರಿಸಿದ ಹವ್ಯಾಸಿಗಳೂ ಈ ಕರಾವಳಿಯಲ್ಲಿ ಇರುವಾಗ, ಇಂಗ್ಲಿಷ್ ಈ ನೆಲದ ಮಾತುಗಾರಿಕೆಗೆ ಒಗ್ಗದು ಎನ್ನುವ ನೆಪಕ್ಕೂ ಆಸ್ಪದವಿಲ್ಲ.

ಆದುದರಿಂದ ಪರೀಕ್ಷಾ ಮಂಡಳಿಯನ್ನು ಕಾಯದೆ ಇಂದೇ ಮಾಡಬಹುದಾದದ್ದು ಇಷ್ಟು. ಬರವಣಿಗೆಯ 80 ಅಂಕಗಳನ್ನು ಮುಟ್ಟುವುದು ಬೇಡ, ಜಿಲ್ಲೆಯ ಫಲಿತಾಂಶಕ್ಕೂ ಕುತ್ತು ಬೇಡ. ಆಂತರಿಕ 20ರಲ್ಲಿ ಒಂದಿಷ್ಟನ್ನು ತೆಗೆದು, ದಿನಕ್ಕೆ ಹತ್ತು ನಿಮಿಷ ಇಬ್ಬರು ಮಕ್ಕಳನ್ನು ಎದುರುಬದುರು ಕೂರಿಸಿ, ಕಾಪುವಿನ ಮೀನಿನ ದರವನ್ನೋ ಕಾರ್ಕಳದ ಬಸ್ಸು ತಪ್ಪಿದ್ದನ್ನೋ ಇಂಗ್ಲಿಷಿನಲ್ಲಿ ವಾದಿಸಲು ಬಿಡಬೇಕು; ಅಷ್ಟು ಹೊತ್ತು ಶಿಕ್ಷಕರು ದಯವಿಟ್ಟು ಕೆಂಪು ಪೆನ್ನನ್ನು ಜೇಬಿನಿಂದ ತೆಗೆಯಬಾರದು.