ಕಲ್ಲು ಮುಟ್ಟದ ಗಾಡಿ

ಹಳೇ ಜೆಸಿಬಿ ಮಾರುವವನ ಯಾರ್ಡಿನಲ್ಲಿ ಕಲ್ಲು ಮುಟ್ಟಿದ ಗಾಡಿ ಒಂದೂ ಇರುವುದಿಲ್ಲ. ಎಲ್ಲವೂ ಮಣ್ಣಿನ ಕೆಲಸ ಮಾಡಿದವೇ. ಅದರಲ್ಲೂ ಮೆತ್ತನೆಯ ಮಣ್ಣು, ಹದ ಮಳೆ ಬಿದ್ದ ಮೂರನೇ ದಿನದ ಮಣ್ಣು. ಒಂದು ಗಾಡಿ ಯಾರೋ ಗೌಡರ ತೋಟದಲ್ಲಿ ತೆಂಗಿನ ಗುಂಡಿ ತೆಗೆದದ್ದು. ಇನ್ನೊಂದನ್ನು ಮೇಷ್ಟ್ರೊಬ್ಬರು ಮಗನಿಗೆಂದು ಕೊಂಡಿದ್ದರು. ಮಗ ಬೆಂಗಳೂರು ಸೇರಿದ್ದರಿಂದ ಅದು ಹುಣಸೆಮರದ ನೆರಳಲ್ಲಿ ನಿಂತೇ ಇತ್ತು. ಹಾಗಾದರೆ ಕನಕಪುರದ ಬಂಡೆ, ಇಳಕಲ್ಲಿನ ಕೆಂಪು ಗ್ರಾನೈಟು, ಕರಾವಳಿಯ ಕೆಂಪುಕಲ್ಲು ಇವೆಲ್ಲ ತಾವಾಗಿಯೇ ಎದ್ದು ಲಾರಿ ಹತ್ತಿರಬೇಕು. ಬೈಪಾಸ್ ಬದಿಯ ತಗಡಿನ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ ಈ ವ್ಯಾಪಾರಿಯನ್ನು ಯಾರ್ಡಣ್ಣ ಎಂದು ಕರೆಯೋಣ. ಬಿಳಿ ಶರಟು, ಜೇಬಿನಲ್ಲಿ ಎರಡು ಫೋನು. ನಾವು ಒಂದು ಗಾಡಿಯನ್ನು ಬೆರಳು ಮಾಡಿ ತೋರಿಸುವುದೇ ತಡ, ಎರಡರಲ್ಲೊಂದು ಹೊಡೆದುಕೊಳ್ಳುತ್ತದೆ. ಆ ಕಡೆ ಇರುವವನಿಗೆ ಅದೇ ಗಾಡಿ ಬೇಕು, ಇವತ್ತೇ ಬೇಕು, ಹಿರಿಯೂರಿನಿಂದ ಹೊರಟೂ ಆಗಿದೆ. ಯಾರ್ಡಣ್ಣ ‘ತಗೊಳ್ಳಿ’ ಎನ್ನುವ ತಪ್ಪು ಎಂದೂ ಮಾಡುವುದಿಲ್ಲ. ‘ಇದು ನಿಮಗೆ ಬೇಡ ಬಿಡಿ ಅಣ್ಣ, ರೇಟು ಸ್ವಲ್ಪ ಜಾಸ್ತಿ’ ಎನ್ನುತ್ತಾನೆ. ಊರಲ್ಲಿ ನಾಲ್ಕು ಜನ ನಮಸ್ಕಾರ ಹೊಡೆಯುವ ಯಾವ ಯಜಮಾನನೂ ಆ ಮಾತು ಕೇಳಿಸಿಕೊಂಡ ಮೇಲೆ ಕಡಿಮೆ ರೇಟಿನ ಗಾಡಿ ಕಡೆ ತಿರುಗಿ ನೋಡುವುದಿಲ್ಲ.

ಇವನನ್ನು ಸುಳ್ಳುಗಾರ ಎಂದು ಬಯ್ಯುವುದು ವಾಡಿಕೆ. ಅದು ಅವನ ಪ್ರತಿಭೆಗೆ ಮಾಡುವ ಅನ್ಯಾಯ. ಗಮನಿಸಿದರೆ ಅವನು ಯಂತ್ರದ ಬಗ್ಗೆ ಹೇಳುವುದೇ ಕಡಿಮೆ. ಹೇಳುವುದೆಲ್ಲ ಹಿಂದಿನ ಮಾಲೀಕನ ಬಗ್ಗೆ. ಎಂಜಿನ್ ಹೇಗಿದೆ ಎಂದು ಕೇಳಿದರೆ ‘ಒಳ್ಳೇ ಮನೆತನ ಅಣ್ಣ, ಡ್ರೈವರ್ ಕುಡಿದು ಬಂದ್ರೆ ಗಾಡಿ ಹತ್ತಿಸ್ತಿರ್ಲಿಲ್ಲ’ ಎಂಬ ಉತ್ತರ ಬರುತ್ತದೆ. ಪಂಪು ಹೇಗಿದೆ ಎಂದರೆ ಆ ಮಾಲೀಕ ವರ್ಷಾವರ್ಷ ಶಬರಿಮಲೆಗೆ ಹೋಗುತ್ತಿದ್ದ ಸಂಗತಿ ತಿಳಿಯುತ್ತದೆ. ಇದರಲ್ಲಿ ಸುಳ್ಳು ಇರಲೇಬೇಕೆಂದಿಲ್ಲ. ಕೇಳಿದವನೇ ಹೈಡ್ರಾಲಿಕ್ ಪಂಪಿನ ಪ್ರಶ್ನೆಗೆ ಶಬರಿಮಲೆಯ ಉತ್ತರ ಪಡೆದು ತಲೆದೂಗಿದರೆ, ತಪ್ಪು ಉತ್ತರದ್ದೋ ತಲೆಯದ್ದೋ ಎಂಬುದನ್ನು ಯೋಚಿಸಬೇಕು. ಯಾರ್ಡಣ್ಣ ಗಾಡಿಯನ್ನು ಓದುವುದಕ್ಕಿಂತ ಚೆನ್ನಾಗಿ ಗಿರಾಕಿಯನ್ನು ಓದಿಕೊಂಡಿದ್ದಾನೆ. ನಾವು ಎಲ್ಲಿ ನೋಡುತ್ತೇವೋ ಅಲ್ಲಿ ದುಡ್ಡು ಖರ್ಚು ಮಾಡುತ್ತಾನೆ, ಎಲ್ಲಿ ನೋಡುವುದಿಲ್ಲವೋ ಅಲ್ಲಿ ಉಳಿಸುತ್ತಾನೆ.

ನಾವು ನೋಡುವುದಾದರೂ ಏನನ್ನು? ಮೊದಲು ಹೆಸರು. ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬ ಇಂಗ್ಲೆಂಡಿನವನು 1945ರಲ್ಲಿ ಕಸುಬು ಶುರುಮಾಡಿ, 1953ರಲ್ಲಿ ಮುಂದೆ ಮಣ್ಣು ಎತ್ತುವ, ಹಿಂದೆ ಮಣ್ಣು ತೋಡುವ ಗಾಡಿ ತಂದ. 1979ರಿಂದ ಅವನ ಕಂಪನಿ ಹರಿಯಾಣದ ಬಲ್ಲಭಗಡದಲ್ಲಿ ನೆಲೆಯೂರಿತು. ಅವನ ಮೂರು ಇನಿಷಿಯಲ್ಲು ನಮ್ಮಲ್ಲಿ ನಾಮಪದವಾಗಿ, ಬೇರೆ ಕಂಪನಿಯವರು ಮಾಡಿದ್ದೂ ‘ಮಹೀಂದ್ರ ಜೆಸಿಬಿ’ ಎಂದೇ ಮಾರಾಟವಾಗುತ್ತದೆ. ಚೈನಿನ ಮೇಲೆ ಓಡುವುದೆಲ್ಲ ಹಿಟಾಚಿ ಆದ ಹಾಗೆ. ಹೆಸರಾದ ಮೇಲೆ ಬಣ್ಣ. ಗಂಗೆ ಪೂಜೆಯ ಅರಿಶಿನದಂಥ ಹೊಸ ಹಳದಿ ಬಳಿದರೆ ಅರ್ಧ ವ್ಯಾಪಾರ ಕುದುರಿದಂತೆ. ಆಮೇಲೆ ಸೀಟು. ಹೊಸ ಸೀಟ್ ಕವರಿನ ಪ್ಲಾಸ್ಟಿಕ್ ಹಾಳೆಯನ್ನು ಬೇಕೆಂದೇ ಕಿತ್ತಿರುವುದಿಲ್ಲ. ಆಮೇಲೆ ಬಕೆಟ್ಟಿನ ಹಲ್ಲು.

ಈ ಹಲ್ಲಿನ ವಿಚಾರದಲ್ಲಿ ಒಂದು ನಿಮಿಷ ನಿಲ್ಲಬೇಕು. ಘಾಟಿ ಸುಬ್ರಹ್ಮಣ್ಯದಲ್ಲೋ ಚುಂಚನಕಟ್ಟೆಯಲ್ಲೋ ದನದ ಜಾತ್ರೆ ಕಂಡವರಿಗೆ ಗೊತ್ತು, ಅಲ್ಲಿಯ ದಲ್ಲಾಳಿ ಯಾರ್ಡಣ್ಣನಿಗಿಂತ ಕಮ್ಮಿ ಇರಲಿಲ್ಲ. ಎತ್ತಿನ ಕೊಂಬು ಹೆರೆದು ಎಣ್ಣೆ ಹಚ್ಚುತ್ತಿದ್ದ, ಟವಲಿನ ಕೆಳಗೆ ಬೆರಳು ಹಿಡಿದು ರೇಟು ಕುದುರಿಸುತ್ತಿದ್ದ. ಆದರೆ ಕೊಳ್ಳುವ ರೈತನೂ ಪಳಗಿದವನೇ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದ, ಸುಳಿ ನೋಡುತ್ತಿದ್ದ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಿದ್ದ. ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದ್ದೋ ಎಂಬುದನ್ನು ಎಂಥ ದಲ್ಲಾಳಿಯೂ ಮುಚ್ಚಿಡುವಂತಿರಲಿಲ್ಲ. ಆ ರೈತನ ಮೊಮ್ಮಗ ಈಗ ಯಾರ್ಡಿಗೆ ಬಂದು ಅದೇ ಗಾಂಭೀರ್ಯದಿಂದ ಬಕೆಟ್ಟಿನ ಹಲ್ಲು ಮುಟ್ಟಿ ನೋಡಿ ತೃಪ್ತನಾಗುತ್ತಾನೆ. ಎತ್ತಿನ ಹಲ್ಲು ಬೋಲ್ಟ್ ಬಿಚ್ಚಿ ಬದಲಾಯಿಸಲು ಬರುತ್ತಿರಲಿಲ್ಲ, ಇದರದ್ದು ಬರುತ್ತದೆ. ವಯಸ್ಸು ಅಡಗಿರುವುದು ಪಿನ್ನು ಬುಶ್ಶಿನಲ್ಲಿ, ಅದರಲ್ಲೂ ಹಿಂದಿನ ಬೂಮು ಎಡಕ್ಕೂ ಬಲಕ್ಕೂ ತಿರುಗುವ ಕಿಂಗ್ ಪೋಸ್ಟಿನಲ್ಲಿ. ಎರಡೂ ಜಾಕು ಊರಿ, ಬೂಮನ್ನು ಪೂರಾ ಚಾಚಿ, ನೆಲದಿಂದ ಗೇಣುದ್ದ ಮೇಲೆ ನಿಲ್ಲಿಸಿ, ಬಕೆಟ್ಟನ್ನು ಕೈಯಲ್ಲಿ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿದರೆ ಗಾಡಿ ತನ್ನ ಚರಿತ್ರೆಯನ್ನು ತಾನೇ ಹೇಳುತ್ತದೆ. ಯಾರ್ಡಣ್ಣನ ಹುಡುಗ ಬೂಮನ್ನು ಅರ್ಧಕ್ಕಿಂತ ಮುಂದೆ ಚಾಚುವುದೇ ಇಲ್ಲ. ಬಾಣಂತಿ ಮಗುವನ್ನು ತೊಟ್ಟಿಲಿಗೆ ಇಳಿಸುವಷ್ಟು ನಯವಾಗಿ ಇಳಿಸುತ್ತಾನೆ. ಬೆಳಗ್ಗೆಯೇ ಪಿನ್ನುಗಳಿಗೆ ತುಂಬಿದ ಗ್ರೀಸು ಹೋಳಿಗೆಯ ಮೇಲಿನ ತುಪ್ಪದಂತೆ ಸಂದಿಯಿಂದ ಉಕ್ಕಿರುತ್ತದೆ. ಸವೆದ ಬುಶ್ಶಿನ ಕಟಕಟ ಸದ್ದು ಆ ಗ್ರೀಸಿನಡಿ ಸಂಜೆಯವರೆಗೆ ಮಲಗಿರುತ್ತದೆ. ‘ನೋಡಿದ್ರಾ ಅಣ್ಣ, ಗ್ರೀಸು ಎಷ್ಟು ಚೆನ್ನಾಗಿ ಹೊಡೆದವ್ರೆ!’ ಎಂದು ಅವನೇ ತೋರಿಸುತ್ತಾನೆ. ಅದೂ ಸುಳ್ಳಲ್ಲ.

ಮೀಟರಿನ ವಿಷಯದಲ್ಲಿ ಮಾತ್ರ ಅವನ ಪರ ವಕಾಲತ್ತು ಸಾಗದು. ಜೆಸಿಬಿಯ ಆಯಸ್ಸನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ, ಗಂಟೆಯಲ್ಲಿ ಅಳೆಯುತ್ತಾರೆ. ಏಳು ವರ್ಷ ದುಡಿದ ಗಾಡಿಯ ಮೀಟರಿನಲ್ಲಿ 4,200 ಗಂಟೆ ಇದೆ ಎನ್ನಿ. ಲೆಕ್ಕ ಹಾಕಿದರೆ ವರ್ಷಕ್ಕೆ 600, ವರ್ಷದಲ್ಲಿ 300 ದಿನ ಕೆಲಸವೆಂದರೆ ದಿನಕ್ಕೆ 2 ಗಂಟೆ. ತಿಂಗಳು ತಿಂಗಳು ಸಾಲದ ಕಂತು ಕಟ್ಟಬೇಕಾದವನು ಬೆಳಗ್ಗೆ ಹತ್ತಕ್ಕೆ ಗಾಡಿ ತೆಗೆದು ಹನ್ನೆರಡಕ್ಕೆ ನಿಲ್ಲಿಸಿ ಊಟ ಮಾಡಿ ಮಲಗುತ್ತಿದ್ದ ಎಂದಾಯಿತು. ಇಷ್ಟು ನೆಮ್ಮದಿಯ ಮಾಲೀಕ ಗಾಡಿ ಮಾರುವುದಾದರೂ ಏಕೆ? ದಿನಕ್ಕೆ 8 ಗಂಟೆಯಂತೆ 250 ದಿನ ದುಡಿದರೂ ವರ್ಷಕ್ಕೆ 2,000 ಆಗುತ್ತದೆ. ಹಾಗಿರುವಾಗ 4,200 ಎನ್ನುವುದು ಎರಡು ವರ್ಷ ಚಿಲ್ಲರೆಯ ದುಡಿಮೆ. ಉಳಿದ ವರ್ಷಗಳು ಒಂದು ವೈರು ಕಿತ್ತಿಟ್ಟಲ್ಲಿ ಕಳೆದುಹೋಗಿವೆ. ಮೀಟರು ತಿದ್ದುವುದು ಕಥೆ ಕಟ್ಟುವುದಲ್ಲ, ಮೋಸ. ಅದಕ್ಕೆ ಎರಡನೇ ಹೆಸರಿಲ್ಲ. ಆದರೆ ಆ ಮೋಸಕ್ಕೆ ಮದ್ದು ಕಣ್ಣೆದುರೇ ಇದೆ: ಸವೆದು ಕನ್ನಡಿಯಾದ ಬ್ರೇಕ್ ಪೆಡಲು, ಬೆರಳಿನ ಗುರುತು ಬಿದ್ದ ಲಿವರಿನ ಗುಂಡು, ಕಂಪನಿ ಸರ್ವಿಸಿನ ಬಿಲ್ಲುಗಳು. ಲೈವ್‌ಲಿಂಕ್ ಕೂರಿಸಿದ ಈಚಿನ ಜೆಸಿಬಿಗಳಾದರೆ ಓಡಿದ ಗಂಟೆಯ ದಾಖಲೆ ಕಂಪನಿಯ ಕಡೆಯೂ ಇರುತ್ತದೆ. ಕೇಳುವವರು ಬೇಕು.

ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋದರೆ ಇದೆಲ್ಲ ತಾಪತ್ರಯ ಇಲ್ಲವಲ್ಲ ಎನ್ನುವವರಿದ್ದಾರೆ. ಒಪ್ಪುವ ಮಾತೇ, ಆ ಮೆಕ್ಯಾನಿಕ್ಕು ಬೇರೆ ತಾಲ್ಲೂಕಿನವನಾದರೆ. ಅದೇ ಊರಿನವನಾದರೆ ಅವನ ಅನ್ನದ ಅರ್ಧ ಪಾಲು ಯಾರ್ಡಣ್ಣನ ಗಾಡಿಗಳಿಂದಲೇ ಬರುತ್ತದೆ. ಅವನು ಆಯಿಲ್ ಮುಚ್ಚಳ ತೆಗೆಯುತ್ತಾನೆ. ಒಳಗಿಂದ ಬುಸುಬುಸು ಹೊಗೆ ಬರುತ್ತದೆ. ಅದಕ್ಕೆ ಬ್ಯಾಕ್ ಕಂಪ್ರೆಷನ್ ಎಂದು ಹೆಸರು, ಎಂಜಿನ್ ಬಿಚ್ಚಬೇಕಾದೀತು ಎಂದು ಅರ್ಥ. ಅವನು ಮುಚ್ಚಳ ಮುಚ್ಚಿ, ಕೈ ಒರೆಸಿಕೊಂಡು, ‘ಪರವಾಗಿಲ್ಲ’ ಎನ್ನುತ್ತಾನೆ. ಕನ್ನಡದಲ್ಲಿ ಇಷ್ಟು ಹೊಟ್ಟೆಯಿರುವ ಪದ ಇನ್ನೊಂದಿಲ್ಲ. ಚೆನ್ನಾಗಿದೆ ಎಂದೂ ಆಯಿತು, ಇಲ್ಲ ಎಂದೂ ಆಯಿತು. ನಾಳೆ ಎಂಜಿನ್ ಕೂತರೆ ‘ನಾನು ಅವತ್ತೇ ಅಂದೆನಲ್ಲ’ ಎನ್ನಲೂ ಆಯಿತು.

ಕಾಗದಪತ್ರದ ಮಾತನ್ನು ಯಾರ್ಡಣ್ಣ ಒಂದೇ ಉಸಿರಿನಲ್ಲಿ ಮುಗಿಸುತ್ತಾನೆ: ‘ಪೇಪರ್ ಎಲ್ಲಾ ಕ್ಲಿಯರ್.’ ಹಿಂದಿನವನ ರುಜು ಹಾಕಿಸಿಟ್ಟ ಖಾಲಿ ಫಾರಂ 29 ಮತ್ತು 30 ಅವನ ಡ್ರಾಯರಿನಲ್ಲಿ ಕಂತೆಗಟ್ಟಲೆ ಇರುತ್ತವೆ. ಸಾಲ ತೀರಿದ್ದಕ್ಕೆ ಬೇಕಾದ ಫಾರಂ 35 ಮತ್ತು ಫೈನಾನ್ಸಿನವರ ಎನ್‌ಒಸಿ ಮಾತ್ರ ‘ಸೋಮವಾರ ಬರ್ತದೆ.’ ಯಾವ ಸೋಮವಾರ ಎಂದು ಕೇಳುವುದು ಮರ್ಯಾದೆಯಲ್ಲ. ಕಾನೂನು ಇವನನ್ನು ಮರೆತಿಲ್ಲ. ನೋಂದಾಯಿತ ವಾಹನ ಕೊಂಡು ಮಾರುವ ವ್ಯಾಪಾರಿ ಆರ್‌ಟಿಒದಿಂದ ಅಧಿಕಾರಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಯಾರ್ಡಣ್ಣನ ಗೋಡೆಯ ಮೇಲೆ ಮಂಜುನಾಥಸ್ವಾಮಿ ಇದ್ದಾನೆ, ಸಿದ್ಧಗಂಗೆಯ ಸ್ವಾಮೀಜಿ ಇದ್ದಾರೆ, ಟೈರು ಕಂಪನಿಯ ಕ್ಯಾಲೆಂಡರಿದೆ. ಆ ಪತ್ರಕ್ಕೆ ಜಾಗ ಸಾಕಾಗಿಲ್ಲ. ವರ್ಗಾವಣೆಯಾಗದೆ ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅಂದರೆ ಹುಣಸೆಮರದ ಆ ಮೇಷ್ಟ್ರು ಗಾಡಿ ಮಾರಿ ಮೂರು ವರ್ಷವಾದ ಮೇಲೂ ಕೋರ್ಟಿನ ಮೆಟ್ಟಿಲು ಹತ್ತಬಹುದು.

ಇಷ್ಟೆಲ್ಲ ಇದ್ದೂ ಇವನ ಬಳಿ ಏಕೆ ಹೋಗಬೇಕು, ಆನ್‌ಲೈನ್ ಹರಾಜಿದೆ, ಕಂಪನಿಯವರೇ ಪರೀಕ್ಷಿಸಿ ಮಾರುವ ಹಳೇ ಗಾಡಿಗಳಿವೆ ಎಂಬುದು ಗಟ್ಟಿಯಾದ ಪ್ರಶ್ನೆಯೇ. ಆದರೆ ಹರಾಜಿನ ಪರದೆ ‘ಬಾಕಿ ಒಂದು ಲಕ್ಷ ಅಡಿಕೆ ಮಾರಿದ್ಮೇಲೆ ಕೊಡಿ ಗೌಡ್ರೆ’ ಎನ್ನುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಹೋಸು ಒಡೆದು ಕೆರೆಯ ನಡುವೆ ಗಾಡಿ ನಿಂತರೆ ಕಂಪನಿಯ ಫೋನು ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುತ್ತದೆ. ಯಾರ್ಡಣ್ಣ ಬೈಕಿನಲ್ಲಿ ಹುಡುಗನ ಕೈಯಲ್ಲಿ ಹೋಸು ಕಳಿಸುತ್ತಾನೆ. ಕುಡಿಯದ ಡ್ರೈವರನ್ನು ಹುಡುಕಿಕೊಡುತ್ತಾನೆ, ತಿಂಗಳ ಮಟ್ಟಿಗಾದರೂ. ಅವನು ಆಡುವ ಒಂದು ಮಾತಂತೂ ಅಪ್ಪಟ ನಿಜ: 2021ರ ಏಪ್ರಿಲ್‌ನಲ್ಲಿ ಹೊಸ ಹೊಗೆ ನಿಯಮ ಬಂದ ಮೇಲೆ ಎಂಜಿನ್ನಿನ ತುಂಬ ಸೆನ್ಸರು ಸೇರಿಕೊಂಡವು, ಬೆಲೆಯೂ ಏರಿತು, ಅದಕ್ಕೆ ಹಿಂದಿನ ಗಾಡಿಯನ್ನು ಊರಿನ ಮೆಕ್ಯಾನಿಕ್ಕು ಸ್ಪ್ಯಾನರು ಹಿಡಿದೇ ರಿಪೇರಿ ಮಾಡುತ್ತಾನೆ.

ಅವನ ನಿಜವಾದ ಪಾಂಡಿತ್ಯ ಕಾಣಬೇಕಾದರೆ ಅವನು ಮಾರುವುದನ್ನಲ್ಲ, ಕೊಳ್ಳುವುದನ್ನು ನೋಡಬೇಕು. ಮೂರು ವರ್ಷದ ನಂತರ ಅದೇ ಗಾಡಿಯನ್ನು ತೊಳೆದು, ಬಣ್ಣ ಬಳಿಸಿ, ಹೊಸ ಹಲ್ಲು ಹಾಕಿಸಿ ಅವನ ಮುಂದೆ ನಿಲ್ಲಿಸಿದರೆ ಬಣ್ಣದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ನಮ್ಮ ಮನೆತನ ವಿಚಾರಿಸುವುದಿಲ್ಲ, ಯಾವ ದೇವರಿಗೆ ನಡೆದುಕೊಳ್ಳುತ್ತೇವೆ ಎಂದು ಕೇಳುವುದಿಲ್ಲ. ನೇರ ಹಿಂದಕ್ಕೆ ಹೋಗಿ, ಜಾಕು ಊರಿಸಿ, ಬೂಮು ಪೂರಾ ಚಾಚಿಸಿ, ಬಕೆಟ್ಟು ಹಿಡಿದು ಒಂದು ಸಲ ಅಲ್ಲಾಡಿಸುತ್ತಾನೆ. ಗ್ರೀಸನ್ನು ಬಟ್ಟೆಯಿಂದ ಒರೆಸಿ ಪಿನ್ನಿನ ಸಂದಿಗೆ ಉಗುರು ತೂರಿಸುತ್ತಾನೆ. ಆಮೇಲೆ, ಹೆತ್ತ ಮಗಳನ್ನು ಗಂಡನ ಮನೆಯಲ್ಲಿ ಸೊರಗಿಸಿದವರನ್ನು ನೋಡುವಂತೆ ನಮ್ಮನ್ನು ನೋಡಿ, ‘ಏನಣ್ಣ, ಕಲ್ಲಿಗೆ ಹಾಕ್ಬಿಟ್ಟಿದ್ದೀರಲ್ಲ’ ಎನ್ನುತ್ತಾನೆ.

ಕೊಳ್ಳುವುದೇ ಆದರೆ ಫೋನು ಮಾಡದೆ ಬೆಳಗ್ಗೆ ಆರೂವರೆಗೆ ಹೋಗಿ. ನಮಸ್ಕಾರ ಹೇಳುವ ಮೊದಲು ಎಂಜಿನ್ನಿನ ಮೇಲೆ ಕೈಯಿಟ್ಟು ನೋಡಿ. ತಣ್ಣಗಿದ್ದರೆ ಸ್ಟಾರ್ಟ್ ಮಾಡಿಸಿ. ಬೆಚ್ಚಗಿದ್ದರೆ ಟೀ ಕುಡಿದು ವಾಪಸು ಬನ್ನಿ. ಟೀ ದುಡ್ಡನ್ನು ಯಾರ್ಡಣ್ಣನೇ ಕೊಡುತ್ತಾನೆ.