ನಿರಂಕುಶಮತಿ: ಐದು ಅಂಕ

(ಪಿಯು ಕಾಲೇಜಿನ ಲೈಬ್ರರಿ. ಬೀರುವಿಗೆ ಬೀಗ, ಗಾಜಿಗೆ ‘ಓದುವ ಹಬ್ಬ’ದ ಪೋಸ್ಟರು. ಬೀಗದ ಕೈ ಗುಮಾಸ್ತರ ಹತ್ತಿರ, ಗುಮಾಸ್ತರು ಎಲೆಕ್ಷನ್ ಡ್ಯೂಟಿಯಲ್ಲಿ. ಇದು ಕಟ್ಟುಕಥೆ ಅನ್ನಿಸಿದರೆ ನಿಮ್ಮೂರ ಕಾಲೇಜು ಪುಣ್ಯ ಮಾಡಿತ್ತು.)

ಹುಡುಗಿ: ಸಾರ್, ಕುವೆಂಪು ಅವರ ‘ಆತ್ಮಶ್ರೀಗಾಗಿ ನಿರಂಕುಶಮತಿಗಳಾಗಿ’ ಬೇಕಿತ್ತು.

ಮೇಷ್ಟ್ರು: ಪುಸ್ತಕ ಯಾಕಮ್ಮಾ? ಸಾರಾಂಶ ಬರೆಸಿದ್ದೀನಲ್ಲ. ಬಾಯಿಪಾಠ ಆಯ್ತಾ?

ಹುಡುಗಿ: ಆಯ್ತು ಸಾರ್. ಆದ್ರೆ ಯಾರೋ ಹೇಳಿದ್ದನ್ನ ಹಾಗೇ ನಂಬಬಾರದು ಅಂತ ಅದರಲ್ಲೇ...

ಮೇಷ್ಟ್ರು: ಹೂಂ, ಮೂರನೇ ಪಾಯಿಂಟು. ನಾನು ಹೇಳಿದ ಹಾಗೇ ಬರಿ. ಒಂದಕ್ಷರ ಆಚೀಚೆ ಆದ್ರೂ ಮಾರ್ಕ್ಸ್ ಹೋಗುತ್ತೆ.

ಹುಡುಗಿ: ಹೋಗ್ಲಿ, ತೇಜಸ್ವಿಯವರ ‘ಕರ್ವಾಲೊ’ ಇದೆಯಾ?

ಮೇಷ್ಟ್ರು: ಸಿಲಬಸ್ಸಲ್ಲಿದೆಯಾ?

ಹುಡುಗಿ: ಹಾರುವ ಓತಿ ಹುಡುಕ್ಕೊಂಡು ಕಾಡಿಗೆ ಹೋಗ್ತಾರಂತೆ ಸಾರ್.

ಮೇಷ್ಟ್ರು: ಸಿಗುತ್ತಂತಾ?

ಹುಡುಗಿ: ಓದಿದ್ರೆ ಗೊತ್ತಾಗುತ್ತೆ.

ಮೇಷ್ಟ್ರು: 1980ರ ಪುಸ್ತಕ ಕಣಮ್ಮಾ! ಅದನ್ನ ಓದದೇನೇ ನಾನು ಇಷ್ಟು ವರ್ಷ ಪಾಠ ಮಾಡಿಲ್ವಾ?

ಹುಡುಗಿ: ಬೀರು ಯಾವತ್ತು ತೆಗೀತೀರಿ ಸಾರ್?

ಮೇಷ್ಟ್ರು: ಇನ್ಸ್‌ಪೆಕ್ಷನ್ ದಿನ. ಅವತ್ತು ಎಲ್ಲರೂ ತಮಗಿಷ್ಟವಾದ ಪುಸ್ತಕ ಹಿಡಿದು ಕೂತಿರಬೇಕು.

ಹುಡುಗಿ: ನನಗಿಷ್ಟವಾದದ್ದು ಯಾವುದು ಸಾರ್?

ಮೇಷ್ಟ್ರು: ನೋಟಿಸ್ ಬೋರ್ಡಲ್ಲಿ ಪಟ್ಟಿ ಹಾಕಿದೀನಿ, ನಿಂದು ಏಳನೇದು. ಪುಟ ಮಾತ್ರ ತಿರುಗಿಸಬೇಡ, ಬೈಂಡು ಬಿಟ್ಟುಕೊಳ್ಳುತ್ತೆ.