ತಿಳಿಸ್ತೀವಿ ಅಂದವರು

"ತಿಳಿಸ್ತೀವಿ."

ಇಂಟರ್‌ವ್ಯೂ ಮುಗಿದ ಮೇಲೆ ಎಚ್‌ಆರ್ ಬಾಯಿಂದ ಬರುವ ಕೊನೆಯ ಮಾತು ಇದು. ಯಾವಾಗ ಅಂತ ಹೇಳುವುದಿಲ್ಲ. ಯಾರು ತಿಳಿಸುತ್ತಾರೆ ಅನ್ನುವುದು ಆ ಎಚ್‌ಆರ್‌ಗೇ ಗೊತ್ತಿರುವುದಿಲ್ಲ. ಬಿಟಿಎಂ ಲೇಔಟ್‌ನಿಂದ ಮಾರತ್ತಹಳ್ಳಿವರೆಗೆ ಯಾವ ಪಿಜಿಗೆ ಬೇಕಾದರೂ ಹೋಗಿ, ಈ ಒಂದು ಮಾತು ನಂಬಿಕೊಂಡು ಫೋನ್ ಹಿಡಿದು ಕೂತ ಹುಡುಗ ಹುಡುಗಿಯರು ಕೋಣೆಗೊಬ್ಬರು ಸಿಗುತ್ತಾರೆ.

ಕೆಲಸ ಕೇಳಿ ಬಂದವರಿಗೆ ಎಷ್ಟೊಂದು ಕಟ್ಟುಪಾಡು! ಹತ್ತು ಗಂಟೆ ಅಂದರೆ ಒಂಬತ್ತೂ ಮುಕ್ಕಾಲಿಗೇ ಲಾಗಿನ್ ಆಗಿ ಕಾಯಬೇಕು. ಮೂರು ತಿಂಗಳ ಪೇಸ್ಲಿಪ್, ಫಾರ್ಮ್ 16, ಆಧಾರ್, ಪ್ಯಾನ್ ಎಲ್ಲ ಮೊದಲೇ ಕಳಿಸಬೇಕು. ಶನಿವಾರ, ಭಾನುವಾರ ಕೂತು ಪುಕ್ಕಟೆ ಅಸೈನ್‌ಮೆಂಟ್ ಮಾಡಿಕೊಡಬೇಕು. ಆಯ್ಕೆಯಾದರೋ, ಇಪ್ಪತ್ನಾಲ್ಕು ಗಂಟೆಯೊಳಗೆ ಆಫರ್ ಒಪ್ಪಿಬಿಡಬೇಕು. ಹಳೇ ಕಂಪನಿಯಲ್ಲಿ ತೊಂಬತ್ತು ದಿನದ ನೋಟಿಸ್ ಪೀರಿಯಡ್ ಇದೆ ಅಂದರೆ ಮುಖ ಸಿಂಡರಿಸುತ್ತಾರೆ. ತಮ್ಮ ಕಂಪನಿಯಲ್ಲೂ ಅದೇ ತೊಂಬತ್ತು ದಿನ ಇರುತ್ತದೆ, ಅದು ಬೇರೆ ವಿಷಯ.

ಇಷ್ಟು ಅವಸರದ ಜನಕ್ಕೆ "ಇಲ್ಲ" ಅನ್ನಲು ಮಾತ್ರ ಪುರುಸೊತ್ತಿಲ್ಲ.

"ಇನ್ನು ಐದು ವರ್ಷಕ್ಕೆ ನೀವು ಎಲ್ಲಿರ್ತೀರಿ?" ಎಂದು ಗಂಭೀರವಾಗಿ ಕೇಳುತ್ತಾರೆ. ಮುಂದಿನ ಶುಕ್ರವಾರದೊಳಗೆ ಫಲಿತಾಂಶ ಹೇಳ್ತೀರಾ ಎಂದು ನೀವು ತಿರುಗಿ ಕೇಳಿ ನೋಡಿ. ಐದು ವರ್ಷದಾಚೆಗೆ ಕಾಣುತ್ತಿದ್ದ ಕಣ್ಣಿಗೆ ಐದು ದಿನ ಕಾಣುವುದಿಲ್ಲ.

ಜಾಹೀರಾತಿನಲ್ಲಿ ಮೊದಲ ಅರ್ಹತೆ ಯಾವುದು? ಅತ್ಯುತ್ತಮ ಸಂವಹನ ಕೌಶಲ. ಅದು ಅಭ್ಯರ್ಥಿಗೆ ಕಡ್ಡಾಯ. ಕಂಪನಿಗೆ ಐಚ್ಛಿಕ.

ಹಿಂದೆ ಹೆಣ್ಣು ನೋಡಲು ಬಂದವರೂ ಹೀಗೇ ಮಾಡುತ್ತಿದ್ದರು. ಉಪ್ಪಿಟ್ಟು, ಕೇಸರಿಬಾತು ಮುಗಿಸಿ, ಹುಡುಗಿ ಕೈಲಿ ಒಂದು ಹಾಡು ಹೇಳಿಸಿ, "ಊರಿಗೆ ಹೋಗಿ ಕಾಗದ ಹಾಕ್ತೀವಿ" ಎಂದು ಎದ್ದು ಹೋಗುತ್ತಿದ್ದರು. ಬೇಡ ಅನ್ನಿಸಿದರೆ "ಜಾತಕ ಕೂಡಿ ಬರಲಿಲ್ಲ" ಎಂದು ಮಧ್ಯಸ್ಥರ ಕೈಲಿ ಒಂದು ಸುಳ್ಳನ್ನಾದರೂ ಕಳಿಸುತ್ತಿದ್ದರು. ನಮ್ಮ ಗಾಜಿನ ಕಟ್ಟಡಗಳವರಿಗೆ ಒಂದು ಸಭ್ಯ ಸುಳ್ಳು ಹೇಳುವಷ್ಟೂ ಮರ್ಯಾದೆ ಉಳಿದಿಲ್ಲ.

ಅಭ್ಯರ್ಥಿಯ ಫೋನ್ ಒಮ್ಮೆ ನೋಡಿ. "ಗುಡ್ ಮಾರ್ನಿಂಗ್ ಮೇಡಂ, ಎನಿ ಅಪ್‌ಡೇಟ್?" ಸೋಮವಾರದ ಮೆಸೇಜು. ನೀಲಿ ಟಿಕ್ ಬಿದ್ದಿದೆ. "ಸಾರಿ ಟು ಡಿಸ್ಟರ್ಬ್ ಮೇಡಂ." ಗುರುವಾರದ್ದು. ಅದಕ್ಕೂ ನೀಲಿ ಟಿಕ್. ಶುಕ್ರವಾರ ಅದೇ ಮೇಡಂ ಸ್ಟೇಟಸ್‌ನಲ್ಲಿ ರಾಕೆಟ್ ಚಿತ್ರದ ಜೊತೆ "ವೀ ಆರ್ ಹೈರಿಂಗ್!" ಹುದ್ದೆ ಅದೇ, ಅನುಭವ ಅಷ್ಟೇ, ಆಫೀಸೂ ಅದೇ. ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿದವನು ಯಾರು ಗಮನಿಸಿ. ತೊಂದರೆಯಲ್ಲಿರುವವನೇ.

ಇನ್ನು ಲಿಂಕ್ಡ್‌ಇನ್‌ಗೆ ಬನ್ನಿ. ಆಫರ್ ಒಪ್ಪಿಕೊಂಡು, ಸೇರಬೇಕಾದ ದಿನ ಫೋನ್ ಸ್ವಿಚ್ ಆಫ್ ಮಾಡಿದ ಹುಡುಗನ ಮೇಲೆ ಅಲ್ಲಿ ಉದ್ದುದ್ದ ಪ್ರವಚನ. ವೃತ್ತಿಧರ್ಮ ಎಲ್ಲಿ ಹೋಯಿತು, ಈ ಪೀಳಿಗೆಗೆ ಏನಾಗಿದೆ ಎಂಬ ಗೋಳು. ಕೆಳಗೆ ಇತರ ಎಚ್‌ಆರ್‌ಗಳ ಚಪ್ಪಾಳೆ. ಹುಡುಗ ಮಾಡಿದ್ದು ತಪ್ಪು, ಒಪ್ಪೋಣ. ಆದರೆ ಈ ವಿದ್ಯೆ ಅವನಿಗೆ ಕಲಿಸಿದ ಗುರುಗಳು ಯಾರು?

ಉಪದೇಶಕ್ಕಂತೂ ಬರವಿಲ್ಲ. ಇಂಟರ್‌ವ್ಯೂ ಆದ ದಿನವೇ ಥ್ಯಾಂಕ್ಯೂ ಮೇಲ್ ಕಳಿಸಿ, ಒಂದು ವಾರ ಬಿಟ್ಟು ವಿನಯದಿಂದ ವಿಚಾರಿಸಿ, ಅವಸರ ತೋರಿಸಬೇಡಿ ಎನ್ನುತ್ತಾರೆ ಕೆರಿಯರ್ ಗುರುಗಳು. ಪಿಜಿ ಓನರ್ ಐದನೇ ತಾರೀಖು ಬಾಗಿಲು ತಟ್ಟುತ್ತಾನೆ, ಊರಿಂದ ಅಮ್ಮ ದಿನಾ "ಏನಾಯ್ತಪ್ಪಾ?" ಅಂತಾಳೆ, ಹುಡುಗ ಮಾತ್ರ ಅವಸರ ತೋರಿಸಬಾರದು. ಕಂಪನಿಯವರು ಉತ್ತರ ಬರೆಯುವುದು ಹೇಗೆ ಎಂದು ಕಲಿಸುವ ಗುರು ಒಬ್ಬರೂ ಕಣ್ಣಿಗೆ ಬಿದ್ದಿಲ್ಲ.

ಈ ಮೌನಕ್ಕೆ ಕೆಲಸದ ಒತ್ತಡ ಕಾರಣವಂತೆ. ನಂಬಬೇಡಿ, ಅದರ ಹಿಂದೆ ಲೆಕ್ಕಾಚಾರವಿದೆ. ಮೊದಲ ಆಯ್ಕೆಯವರು ತೊಂಬತ್ತು ದಿನದ ನೋಟಿಸ್ ಮುಗಿಸುವುದರೊಳಗೆ ಇನ್ನೊಂದು ಆಫರ್ ಹಿಡಿದು ಕೈಕೊಡಬಹುದು. ಆದ್ದರಿಂದ ಎರಡನೆಯ, ಮೂರನೆಯ ಆಯ್ಕೆಯವರನ್ನು "ಹೋಲ್ಡ್"ನಲ್ಲಿ ಇಡುತ್ತಾರೆ. "ಇಲ್ಲ" ಅಂದುಬಿಟ್ಟರೆ ಅವರೂ ಕೈತಪ್ಪುತ್ತಾರಲ್ಲ! ಮಧ್ಯದ ಕನ್ಸಲ್ಟೆನ್ಸಿಗೆ ಕಮಿಷನ್ ಬರುವುದು ಅಭ್ಯರ್ಥಿ ಸೇರಿದರೆ ಮಾತ್ರ. ಬೆಳಿಗ್ಗೆ "ಬ್ರೋ" ಎನ್ನುತ್ತಿದ್ದವನು ಸಂಜೆ ಫೋನ್ ಎತ್ತದಿರುವುದು ಅದಕ್ಕೇ. ತಿರಸ್ಕೃತರಿಗೆಲ್ಲ ಒಟ್ಟಿಗೆ ಮೇಲ್ ಕಳಿಸುವ ಸೌಲಭ್ಯ ನೇಮಕಾತಿ ಸಾಫ್ಟ್‌ವೇರ್‌ನಲ್ಲೇ ಇದೆ. ದುಡ್ಡು ಕೊಟ್ಟು ಕೊಂಡಿದ್ದಾರೆ, ಗುಂಡಿ ಒತ್ತಿಲ್ಲ.

ಕಳಿಸಿದ ಆಧಾರ್, ಪೇಸ್ಲಿಪ್ ಪ್ರತಿಗಳು ಎಲ್ಲಿ ಹೋದವು? ಉದ್ದೇಶ ಮುಗಿದ ಮೇಲೆ ಮಾಹಿತಿ ಅಳಿಸಬೇಕು ಎನ್ನುತ್ತದೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಉದ್ದೇಶ ಮುಗಿದಿದೆ ಎಂದು ಯಾರಾದರೂ ಹೇಳಿದರೆ ತಾನೇ ಅಳಿಸುವ ಮಾತು?

ಉದ್ಯಮಕ್ಕೆ ಬೇಗ ಉತ್ತರಿಸಲು ಬರುವುದಿಲ್ಲ ಎಂದುಕೊಳ್ಳಬೇಡಿ. 2024ರ ಜುಲೈನಲ್ಲಿ ಸ್ಥಳೀಯರಿಗೆ ಖಾಸಗಿ ಉದ್ಯೋಗ ಮೀಸಲಿಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳ ಟ್ವೀಟು, ಸಂಘಗಳ ಹೇಳಿಕೆ, ರಾಜ್ಯ ಬಿಟ್ಟು ಹೋಗುತ್ತೇವೆಂಬ ಬೆದರಿಕೆ ಎಲ್ಲ ನಾ ಮುಂದು ತಾ ಮುಂದು ಎಂದು ಬಂದವು. ಜುಲೈ 17ಕ್ಕೇ ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಫಾಲೋಅಪ್ ಅಂದರೆ ಅದು! "ಸ್ಥಳೀಯರು ಬೇಡ ಅಂದಿಲ್ಲ, ಪ್ರತಿಭೆ ಇದ್ದವರು ಬರಲಿ" ಎಂದವರೇ, ಬಂದವರಿಗೆ ಏನು ಹೇಳಿ ಕಳಿಸಿದಿರಿ?

ಆಫರ್ ಲೆಟರ್ ಕೈಗೆ ಬಂದರೂ ಕಥೆ ಮುಗಿಯುವುದಿಲ್ಲ. 2022ರಲ್ಲಿ ದೊಡ್ಡ ಐಟಿ ಕಂಪನಿಯಿಂದ ಆಫರ್ ಪಡೆದ ಎಂಜಿನಿಯರುಗಳು ಸೇರುವ ದಿನಾಂಕಕ್ಕಾಗಿ ಎರಡು ವರ್ಷ ಕಾದರು. ವಿಷಯ ಕೇಂದ್ರ ಕಾರ್ಮಿಕ ಸಚಿವಾಲಯದವರೆಗೂ ಹೋಯಿತು. 2023ರ ಫೆಬ್ರವರಿಯಲ್ಲಿ ಇನ್ನೊಂದು ಕಂಪನಿ, ವರ್ಷಕ್ಕೆ ಆರೂವರೆ ಲಕ್ಷ ಎಂದು ಮಾತು ಕೊಟ್ಟಿದ್ದ ಹೊಸಬರಿಗೆ ಮೂರೂವರೆಗೆ ಬರ್ತೀರಾ ಎಂದು ಮೇಲ್ ಕಳಿಸಿತು. ನೋಡಿ, ಬೇಕಾದಾಗ ಮೇಲ್ ಬರೆಯಲು ಅವರಿಗೆ ಚೆನ್ನಾಗಿ ಬರುತ್ತದೆ.

ಸರ್ಕಾರಿ ಕೆಲಸವೇ ಮೇಲು ಅನ್ನುತ್ತೀರಾ? ಕೆಪಿಎಸ್‌ಸಿಯ 2011ನೇ ಸಾಲಿನ 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳನ್ನು ನೆನಪಿಸಿಕೊಳ್ಳಿ. ಸಂದರ್ಶನದ ಅಂಕಗಳ ಮೇಲೆ ಅಕ್ರಮದ ಆರೋಪ, ಸಿಐಡಿ ತನಿಖೆ, 2014ರಲ್ಲಿ ಪಟ್ಟಿ ರದ್ದು, ಆಮೇಲೆ ವರ್ಷಗಟ್ಟಲೆ ಕೋರ್ಟು. ಕೊನೆಗೆ ಆ ನೇಮಕಾತಿ ಉಳಿಸಲು 2022ರಲ್ಲಿ ಒಂದು ಕಾಯ್ದೆಯನ್ನೇ ತರಬೇಕಾಯಿತು. ಹನ್ನೊಂದು ವರ್ಷ! ಆದರೂ ಸರ್ಕಾರಿ ಇಲಾಖೆಯನ್ನು ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ ಕೇಳಬಹುದು, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕೆಂಬ ನಿಯಮವಾದರೂ ಇದೆ. ಖಾಸಗಿ ಕಂಪನಿಯ ಎಚ್‌ಆರ್‌ಗೆ ಯಾವ ಅರ್ಜಿ ಹಾಕುತ್ತೀರಿ?

ಕೆನಡಾದ ಒಂಟಾರಿಯೋ ಪ್ರಾಂತ್ಯ ಇದಕ್ಕೊಂದು ದಾರಿ ಹುಡುಕಿದೆ. ಜಾಹೀರಾತು ಕೊಟ್ಟ ಹುದ್ದೆಗೆ ಸಂದರ್ಶನ ನಡೆಸಿದ ಮೇಲೆ, ತೀರ್ಮಾನ ಆಗಿದೆಯೋ ಇಲ್ಲವೋ ಎಂದು ಬಂದವರಿಗೆ 45 ದಿನದೊಳಗೆ ತಿಳಿಸಲೇಬೇಕು. 25 ಅಥವಾ ಹೆಚ್ಚು ನೌಕರರಿರುವ ಕಂಪನಿಗಳಿಗೆ ಇದು 2026ರ ಜನವರಿ 1ರಿಂದ ಕಾನೂನು. ಅಂದರೆ ಟೊರಾಂಟೊದಲ್ಲೂ ಮಾನ್ಯತಾ ಟೆಕ್ ಪಾರ್ಕಿನಲ್ಲೂ ಕಚೇರಿ ಇಟ್ಟ ಕಂಪನಿ ಅಲ್ಲಿ ಉತ್ತರ ಕೊಡಬೇಕು, ಇಲ್ಲಿ ನೀಲಿ ಟಿಕ್ ಬಿಟ್ಟು ಸುಮ್ಮನಿರಬಹುದು. ಕಾನೂನು ಇದ್ದಲ್ಲಿ ಮಾತ್ರ ಹುಟ್ಟುವ ಸೌಜನ್ಯಕ್ಕೆ ಭಯ ಎನ್ನುತ್ತಾರೆ. ಪರವಾಗಿಲ್ಲ, ಭಯವಾದರೂ ಬರಲಿ. ನಮ್ಮ ವಿಧಾನಸೌಧದವರೂ ಅಂಥದ್ದೊಂದು ಸಾಲನ್ನು ಕಾರ್ಮಿಕ ನಿಯಮಗಳಲ್ಲಿ ಸೇರಿಸಲಿ.

ಅಲ್ಲಿಯವರೆಗೆ ಕೆಲಸ ಹುಡುಕುವವರಿಗೆ ಒಂದು ಮಾತು. ಇಂಟರ್‌ವ್ಯೂ ಮುಗಿಸಿ ಏಳುವ ಮೊದಲೇ ತಾರೀಖು ಕೇಳಿ. ಆ ತಾರೀಖು ದಾಟಿದರೆ ಒಂದು ಮೇಲ್ ಹಾಕಿ, ವಾರ ಬಿಟ್ಟು ಇನ್ನೊಂದು. ಮೂರನೆಯದು ಬೇಡ, ಅಷ್ಟರಲ್ಲಿ ಬೇರೆ ಕಡೆ ಅರ್ಜಿ ಹೋಗಿರಲಿ. ಸಹಿ ಬಿದ್ದ ಆಫರ್ ಲೆಟರ್ ಕೈಗೆ ಬರುವವರೆಗೆ ಇರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಫೋನಿನಲ್ಲಿ ಹೇಳಿದ "ಆಲ್ಮೋಸ್ಟ್ ಕನ್ಫರ್ಮ್"ಗೆ ಚಿಕ್ಕಾಸಿನ ಬೆಲೆಯೂ ಇಲ್ಲ.

ಇದನ್ನು ಓದುತ್ತಿರುವ ಎಚ್‌ಆರ್ ಮಹಾಶಯರೇ, ಮಹಾಶಯೆಯರೇ, ನೀವೂ ಒಂದು ದಿನ ಇನ್ನೊಂದು ಕಂಪನಿಯ ಎಚ್‌ಆರ್‌ಗೆ "ಎನಿ ಅಪ್‌ಡೇಟ್?" ಎಂದು ಬರೆದವರೇ. ಇವತ್ತು ಆಫೀಸಿಗೆ ಹೋದ ತಕ್ಷಣ ಆ ಹೋಲ್ಡ್ ಪಟ್ಟಿ ತೆಗೆಯಿರಿ. "ನಿಮ್ಮನ್ನು ಆಯ್ಕೆ ಮಾಡಿಲ್ಲ" ಎಂಬ ಒಂದು ಸಾಲು ಬರೆಯಿರಿ, ಎಲ್ಲರಿಗೂ ಕಳಿಸಿ. ಟೀ ಆರುವುದರೊಳಗೆ ಮುಗಿಯುವ ಕೆಲಸ.